ಮೇಡಂ ಎಷ್ಟು ದಿನದಿಂದ ಕುಂಟುತ್ತಿದ್ದಾರೆ?

ಮೊದಲೇ ಹೇಳಿಬಿಡುತ್ತೇನೆ. ಈ ಊರಲ್ಲಿ ಕತೆ ಹೇಳುವವರು ಸಾವಿರ ಜನ ಇರಬಹುದು, ಆದರೆ ಒಂದು ಕೋಳಿಯ ಕಾಲನ್ನಿಟ್ಟುಕೊಂಡು ಪೂರ್ತಿ ಸಿನಿಮಾ ತೋರಿಸುವ ತಾಕತ್ತು ಇರುವವನು ಒಬ್ಬನೇ. ಅವನು ನಾನು. ನಾನು ಬಾಯಿ ತೆರೆದರೆ ನಮ್ಮ ಬೀದಿಯ ಟೀವಿಗಳೆಲ್ಲ ಮರ್ಯಾದೆಯಿಂದ ಆಫ್ ಆಗುತ್ತವೆ. ಟಿಕೆಟ್ ಬೇಡ, ಕೂತುಕೊಳ್ಳಿ. ಕರ್ಚೀಫು ಮಾತ್ರ ಹತ್ತಿರ ಇರಲಿ. ನಕ್ಕರೂ ಕಣ್ಣಲ್ಲಿ ನೀರು ಬರುತ್ತದಲ್ಲ, ಅದಕ್ಕೆ.

ಕತೆಯ ಹೀರೋ ನನ್ನ ಭಾವ. ಹೀರೋ ಅಂದ ತಕ್ಷಣ ಶಿಳ್ಳೆ ಹೊಡೆಯಬೇಡಿ. ಎಂಟ್ರಿ ಸೀನಿನಲ್ಲೇ ಬಕೆಟ್ ಎಡವಿಕೊಂಡು ಬರುವ ಪೈಕಿ ಹೀರೋ ಇವರು. ಬಾಟಲಿ ಕಾರ್ಖಾನೆಯಲ್ಲಿ ಕೆಲಸ. ಒಂದು ಬಿಳಿ ದೀಪದ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಎದುರಿಗೆ ಬೆಲ್ಟಿನ ಮೇಲೆ ಗಾಜಿನ ಬಾಟಲಿಗಳು ಸಾಲಾಗಿ ಹೋಗುತ್ತಿರುತ್ತವೆ. ಬಿರುಕು ಬಿಟ್ಟದ್ದು, ಗುಳ್ಳೆ ಬಿದ್ದದ್ದು, ಕತ್ತು ಸೊಟ್ಟಗಾದದ್ದು ಕಂಡರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ದಿನಕ್ಕೆ ಎಂಟು ಗಂಟೆಯಂತೆ ಹದಿಮೂರು ವರ್ಷ. ಕೂದಲೆಳೆಯಷ್ಟು ಬಿರುಕೂ ಅವರ ಕಣ್ಣು ತಪ್ಪಿಸಿಕೊಂಡದ್ದಿಲ್ಲವಂತೆ. ಆದರೆ ಸಂಜೆ ಹೊರಡುವಾಗ ಆ ಕಣ್ಣುಗಳನ್ನು ಅಲ್ಲೇ ಲಾಕರಿನಲ್ಲಿಟ್ಟು ಬರುತ್ತಿದ್ದರೋ ಏನೋ, ಮನೆಯಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ.

ಅಕ್ಕ ಸೊಂಟದವರೆಗಿದ್ದ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದಳು. ಒಂದು ದಿನ ಕಾದಳು. ಒಂದು ವಾರ ಕಾದಳು. ಹನ್ನೊಂದನೇ ದಿನ ಭಾವ ಊಟ ಮಾಡುತ್ತಾ ತಲೆಯೆತ್ತಿ, "ಏನೋ ಬದಲಾದ ಹಾಗಿದೆಯಲ್ಲ... ಕರ್ಟನ್ ಬದಲಾಯಿಸಿದ್ಯಾ?" ಅಂದರು.

ಅಕ್ಕ ಬ್ಯಾಗು ತುಂಬಿಕೊಂಡು ನಮ್ಮ ಮನೆಗೆ ಬಂದುಬಿಟ್ಟಳು. ಅದಾಗಿ ಒಂದು ತಿಂಗಳು. ಭಾವ ದಿನಾ ಫೋನ್ ಮಾಡುತ್ತಿದ್ದರು. ಅಕ್ಕ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೇಡಂ ಹೇಗಿದಾಳೆ?"

ಮೇಡಂ ಅಂದರೆ ಅಕ್ಕನ ಕೋಳಿ. ಕಂದು ಬಣ್ಣ, ರಜೆ ಚೀಟಿ ತಿರಸ್ಕರಿಸುವ ಆಫೀಸರಿನ ನೋಟ. ಅಕ್ಕ ಆ ಮನೆಯಲ್ಲಿ ಬಿಟ್ಟು ಬಂದದ್ದರಲ್ಲಿ ಉಸಿರಾಡುತ್ತಿದ್ದದ್ದು ಎರಡೇ, ಭಾವ ಮತ್ತು ಮೇಡಂ. ಅವಳು ವಿಚಾರಿಸುತ್ತಿದ್ದದ್ದು ಒಂದನ್ನು ಮಾತ್ರ.

ಆ ಭಾನುವಾರ ಬೆಳಗ್ಗೆ ಅಕ್ಕ ನನ್ನನ್ನು ಅಲ್ಲಿಗೆ ಅಟ್ಟಿದಳು. "ಸಂಜೆ ಐದಕ್ಕೆ ಬಂದು ಮೇಡಂನ ಕರ್ಕೊಂಡು ಹೋಗ್ತೀನಿ ಅಂತ ಹೇಳ್ಬಿಟ್ಟು ಬಾ. ಫೋನಲ್ಲಿ ಹೇಳಿದ್ರೆ ಅತ್ತುಬಿಡ್ತಾರೆ, ನಂಗೆ ಕೇಳಕ್ಕಾಗಲ್ಲ."

ಎದುರಿಗೆ ಹೇಳಿದಾಗ ಭಾವ ಅಳಲಿಲ್ಲ. ಪೊರಕೆ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಕೋಳೀನೂ ಹೋದ್ರೆ, ಅವಳಿಗೆ ಈ ಮನೆ ಕಡೆ ತಿರುಗಿ ನೋಡಕ್ಕೆ ಏನಿರತ್ತೆ ಹೇಳು?"

"ಐದು ಗಂಟೆವರೆಗೆ ಟೈಮ್ ಇದೆ ಭಾವ. ಕ್ಲೈಮ್ಯಾಕ್ಸಲ್ಲಿ ಏನ್ ಬೇಕಾದ್ರೂ ಆಗ್ಬಹುದು."

"ಏನಾದ್ರೂ ಒಂದು ಗಮನಿಸಿ ತೋರಿಸ್ಬೇಕು ಕಣೋ. ನಂಗೂ ಕಣ್ಣಿದೆ, ಮನೇಲಿ ನಡೆಯೋದು ನಂಗೂ ಕಾಣ್ಸತ್ತೆ ಅಂತ. ಒಂದೇ ಒಂದು ಸಾಕು."

ಅಷ್ಟರಲ್ಲಿ ಮೇಡಂ ಬಟ್ಟೆ ಒಗೆಯುವ ಕಲ್ಲಿನ ಹಿಂದಿನಿಂದ ಹೊರಬಂದರು. ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ಒಂದು ಉದ್ದ, ಒಂದು ಗಿಡ್ಡ.

"ಹಾಗಾದ್ರೆ ಅಲ್ಲಿ ನೋಡಿ ಭಾವ," ಅಂದೆ ನಾನು. "ಮೇಡಂ ಕುಂಟ್ತಾ ಇದಾರೆ."

ಭಾವ ನೋಡಿದರು. ಕಾರ್ಖಾನೆಯ ಕಣ್ಣಲ್ಲಿ ನೋಡಿದರು. ಪೊರಕೆ ಕೈಯಿಂದ ಜಾರಿತು. ಮುಖದಲ್ಲಿ ಗಾಬರಿ ಬಂತು, ಅದರ ಹಿಂದೆಯೇ ಸಣ್ಣದೊಂದು ಖುಷಿಯೂ ಬಂತು. ನಾನು ಬಸ್ಸು ಹತ್ತುವ ಯೋಚನೆ ಕೈಬಿಟ್ಟು ಮೆಟ್ಟಿಲ ಮೇಲೆ ಕೂತೆ. ಇಂಥ ಶೋ ಬಿಟ್ಟು ಯಾರು ಹೋಗುತ್ತಾರೆ?

ಮೊದಲು ಪಶು ಡಾಕ್ಟರಿಗೆ ಫೋನ್, ಸ್ಪೀಕರ್ ಹಾಕಿ. ರಜೆಯ ದಿನ, ಆ ಕಡೆ ಪಾತ್ರೆ ಬೀಳುವ ಸದ್ದು, ಮಗು ಅಳುವ ಸದ್ದು, ನಡುವೆ ಡಾಕ್ಟರ ದನಿ.

"ಮೇವು ತಿಂತಾ ಇದೆಯಾ?"

"ತಿಂತಾ ಇದಾರೆ ಡಾಕ್ಟ್ರೇ."

"ಎಷ್ಟು ದಿನದಿಂದ ಕುಂಟ್ತಾ ಇದೆ?"

ಭಾವ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ನಾನು ಆಕಾಶದಲ್ಲಿ ಮೋಡ ಎಣಿಸುತ್ತಿದ್ದೆ.

"ಇವತ್ತು ಬೆಳಗ್ಗೆಯಿಂದ," ಅಂದರು ಭಾವ.

"ಹಾಗಾದ್ರೆ ಹೊಸದು. ಪಾದದ ಅಡಿ ನೋಡಿ, ಊತ ಇದೆಯಾ, ಕಪ್ಪಗೆ ಹಕ್ಕಳೆ ಕಟ್ಟಿದೆಯಾ ಅಂತ. ಬೆರಳಿಗೆ ದಾರ ಗೀರ ಸುತ್ಕೊಂಡಿರತ್ತೆ. ಬೆಚ್ಚಗಿನ ಉಪ್ಪು ನೀರಲ್ಲಿ ಕಾಲು ನೆನೆಸಿ ನೋಡಿ. ಹಳೇದಾಗಿದ್ರೆ ಮಾತ್ರ ಮುಟ್ಟಕ್ಕೆ ಹೋಗ್ಬೇಡಿ. ಅದಕ್ಕೆ ಅಭ್ಯಾಸ ಆಗಿರತ್ತೆ, ಪಾಪ."

ಪಾದ ನೋಡಬೇಕಾದರೆ ಮೇಡಂ ಕೈಗೆ ಸಿಗಬೇಕು. ಕುಂಟುವ ಕೋಳಿ ಓಡುವುದಿಲ್ಲ ಅಂತ ಭಾವ ಲೆಕ್ಕ ಹಾಕಿದ್ದರು. ಮೇಡಂ ಹಿತ್ತಲನ್ನು ಮೂರು ಸುತ್ತು ಹೊಡೆದರು. ಭಾವ ಟವೆಲ್ ಬೀಸುತ್ತಾ ಹಿಂದೆ. ನಾಲ್ಕನೇ ಸುತ್ತಿನಲ್ಲಿ ಮೇಡಂ ಒಗೆಯುವ ಕಲ್ಲಿನ ಮೇಲೆ ಹಾರಿದರು, ಭಾವನೂ ಹಾರಿದರು. ಕಲ್ಲಿನ ಮೇಲೆ ಸೋಪಿನ ನೀರಿತ್ತು. ಸ್ಲೋ ಮೋಷನ್ನಿನಲ್ಲಿ ನೋಡಬೇಕು, ಹಾಗೆ ಬಿದ್ದರು. ಎದ್ದಾಗ ಭಾವನ ನಡಿಗೆಯೂ ಒಂದು ಉದ್ದ, ಒಂದು ಗಿಡ್ಡ.

ಆ ಸದ್ದಿಗೆ ಎಡಗಡೆ ಗೋಡೆಯ ಮೇಲೆ ನರ್ಸಮ್ಮನ ತಲೆ ಮೂಡಿತು, ಬಲಗಡೆ ಗೋಡೆಯ ಮೇಲೆ ಮೆಕ್ಯಾನಿಕ್ಕಿನ ತಲೆ ಮೂಡಿತು. ನರ್ಸಮ್ಮ ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ಇಂಜೆಕ್ಷನ್ ಚುಚ್ಚಿ ನಿವೃತ್ತರಾದವರು. ಈಗ ಚುಚ್ಚಲು ಯಾರೂ ಸಿಗದೆ ಮಾತಲ್ಲೇ ಚುಚ್ಚುತ್ತಿದ್ದರು. ಮೆಕ್ಯಾನಿಕ್ಕಿಗೆ ಪಕ್ಕದಲ್ಲೇ ಗ್ಯಾರೇಜು. ಸ್ಕೂಟರ್ ತಂದವರು ವಾಪಸ್ ನಡೆದೇ ಹೋಗುತ್ತಿದ್ದರು.

ಇಬ್ಬರೂ ಕರೆಯದೇ ಬಂದರು. ನರ್ಸಮ್ಮ ತಮ್ಮ ಮನೆಯ ಟಬ್ಬನ್ನೇ ತಂದರು. ಮೆಕ್ಯಾನಿಕ್ ಮೇಡಂ ಅವರನ್ನು ಒಂದೇ ಏಟಿಗೆ ಹಿಡಿದು ಉಪ್ಪು ನೀರಲ್ಲಿ ನಿಲ್ಲಿಸಿದ. ನರ್ಸಮ್ಮ ಕನ್ನಡಕ ಏರಿಸಿ ಬೆರಳು ಬೆರಳು ಬಿಡಿಸಿ ನೋಡಿದರು.

"ಊತ ಇಲ್ಲ. ಮುಳ್ಳಿಲ್ಲ. ದಾರ ಸುತ್ಕೊಂಡಿಲ್ಲ. ಮೈ ಬಿಸಿ ಇಲ್ಲ. ನಿನಗಿಂತ ಗಟ್ಟಿಮುಟ್ಟಾಗಿದಾಳೆ ಕಣಪ್ಪ."

"ಇನ್ನೊಂದ್ಸಲ ನೋಡಿ ನರ್ಸಮ್ಮ," ಭಾವ ಗೋಗರೆದರು. "ಏನಾದ್ರೂ ಇರ್ಲೇಬೇಕು."

"ಕಾಯಿಲೆ ಇಲ್ಲ ಅಂದ್ರೆ ಅಳೋ ಗಂಡಸನ್ನ ನಾನು ಇವತ್ತೇ ನೋಡಿದ್ದು."

"ಅದು ಪಾದದ ಪ್ರಾಬ್ಲಂ ಅಲ್ಲ ಸಾರ್," ಮೆಕ್ಯಾನಿಕ್ ನಡುವೆ ಬಂದ. "ಮೇಲ್ಗಡೆ ಜಾಯಿಂಟ್ ಲೂಸು. ಎರಡು ಕಡ್ಡಿ ಇಟ್ಟು ಟೈಟ್ ಮಾಡಿದ್ರೆ ಸಂಜೆ ಹೊತ್ತಿಗೆ ಹೊಸ ಗಾಡಿ. ಎಡಗಾಲು ತಾನೇ?"

"ಬಲಗಾಲು," ಅಂದರು ನರ್ಸಮ್ಮ.

"ಎಡಗಾಲಮ್ಮ."

"ಮೂವತ್ತು ವರ್ಷ ನಂಗೆ ಎಡ ಬಲ ಗೊತ್ತಿಲ್ದೆ ಸಂಬಳ ಕೊಟ್ರಾ?"

"ಇಬ್ರೂ ಸುಮ್ನಿರಿ," ಅಂದರು ಭಾವ. ಆವತ್ತು ಮೊದಲ ಸಲ ಅವರ ದನಿಯಲ್ಲಿ ಗತ್ತು ಬಂತು. "ತಪಾಸಣೆ ನನ್ನ ಕೆಲಸ."

ತಂತಿಯ ಮೇಲೆ ಬಿಳಿ ಬೆಡ್‌ಶೀಟ್ ಹರವಿದರು. ಅದರ ಹಿಂದಿನಿಂದ ಬಿಸಿಲು ಬೀಳುತ್ತಿತ್ತು. ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ನಾನು ಈ ತುದಿಯಲ್ಲಿ ಕಾಳು ಎರಚಬೇಕು, ಮೆಕ್ಯಾನಿಕ್ ಆ ತುದಿಯಲ್ಲಿ. ನಡುವೆ ಮೇಡಂ ಬಿಳಿ ಬೆಳಕಿನ ಮುಂದೆ ಅತ್ತಿಂದಿತ್ತ, ಥೇಟ್ ಬೆಲ್ಟಿನ ಮೇಲಿನ ಬಾಟಲಿಯ ಹಾಗೆ. ಭಾವ ಕಣ್ಣು ಮಿಟುಕಿಸಲಿಲ್ಲ. ಆರು ಸಲ ಓಡಾಡಿಸಿ ತೀರ್ಪು ಕೊಟ್ಟರು: "ಬಲಗಾಲು. ಅದನ್ನೇ ಜೋರಾಗಿ ಊರ್ತಾ ಇದಾರೆ ನೋಡಿ, ಧಪ್ ಅಂತ."

ನೋವಿರುವ ಕಾಲನ್ನು ಯಾರಾದರೂ ಜೋರಾಗಿ ಊರುತ್ತಾರಾ ಅಂತ ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಬಾಟಲಿಗೆ ಕಾಲಿರುವುದಿಲ್ಲವಲ್ಲ, ಭಾವನನ್ನು ದೂರುವುದು ಹೇಗೆ?

ಐಸ್‌ಕ್ಯಾಂಡಿಯ ಎರಡು ಕಡ್ಡಿ, ವೈರಿಗೆ ಸುತ್ತುವ ಕಪ್ಪು ಟೇಪು. ಮೆಕ್ಯಾನಿಕ್ ಬಲಗಾಲನ್ನು ಸುತ್ತಿ ಬಿಗಿದ. ನೆಲಕ್ಕೆ ಬಿಟ್ಟರು. ಮೇಡಂ ಒಂದು ಹೆಜ್ಜೆ ಇಟ್ಟು, ಸ್ಟ್ಯಾಂಡ್ ಜಾರಿದ ಸ್ಕೂಟರಿನ ಹಾಗೆ ಪಕ್ಕಕ್ಕೆ ಒರಗಿದರು. ಎತ್ತಿ ನಿಲ್ಲಿಸಿದರು. ಮತ್ತೆ ಒರಗಿದರು. ಮೂರನೇ ಸಲ ಅವರು ಏಳುವ ಪ್ರಯತ್ನವನ್ನೇ ಮಾಡಲಿಲ್ಲ. ಕಣ್ಣಿನ ಪೊರೆ ಅರ್ಧ ಎಳೆದುಕೊಂಡು ಮಲಗಿಬಿಟ್ಟರು.

"ಸೆಟ್ ಆಗಕ್ಕೆ ಟೈಮ್ ಬೇಕು," ಅಂದ ಮೆಕ್ಯಾನಿಕ್, ಯಾರ ಮುಖವನ್ನೂ ನೋಡದೆ.

ಭಾವ ಮೇಡಂ ಅವರನ್ನು ನೆರಳಿಗೆ ಒಯ್ದು ಗೋಣಿಯ ಮೇಲೆ ಮಲಗಿಸಿ, ಮೇಲೆ ಬಟ್ಟೆಯ ಬುಟ್ಟಿ ಬೋರಲು ಹಾಕಿದರು. ಆಮೇಲೆ ಬುಟ್ಟಿ ಸ್ವಲ್ಪ ಎತ್ತಿ ಅಂಗೈಯಲ್ಲಿ ಕಾಳು ಹಿಡಿದರು. "ತಿನ್ನಿ ಮೇಡಂ. ಒಂದೇ ಒಂದು." ಮೇಡಂ ತಲೆ ತಿರುಗಿಸಿದರು. ಭಾವನ ಊದಿದ ಕಾಲು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಊಟ ಮಾಡಿರಲಿಲ್ಲ. ನಾಲ್ಕೂವರೆಯಾಗಿತ್ತು.

ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: "ಇದು ಮರಿಯಾಗಿದ್ದಾಗ ನಿಮ್ಮನೇಲೇ ಇತ್ತಲ್ವೇನೋ? ಆಗ್ಲೂ ಏನಾದ್ರೂ ಹೀಗೆ..."

"ನಾನು ಕೋಳೀನ ಸರಿಯಾಗಿ ನೋಡೋದು ತಟ್ಟೇಲಿ ಮಾತ್ರ ಭಾವ," ಅಂದೆ. ನರ್ಸಮ್ಮ, ಮೆಕ್ಯಾನಿಕ್ ಇಬ್ಬರೂ ಬಿದ್ದು ಬಿದ್ದು ನಕ್ಕರು. ಭಾವನೂ ನಗಲು ಪ್ರಯತ್ನ ಮಾಡಿದರು.

ಐದಕ್ಕೆ ಸರಿಯಾಗಿ ಗೇಟು ಕಿರುಗುಟ್ಟಿತು. ಅಕ್ಕ ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು ಬಂದಳು. ಭಾವ ಎದುರಿಗೆ ಓಡಿದರು, ಅಂದರೆ ಕುಂಟಿದರು. ಅಕ್ಕ ಅಲ್ಲೇ ನಿಂತಳು. ತಿಂಗಳಿಂದ ಗಂಟು ಹಾಕಿಕೊಂಡಿದ್ದ ಅವಳ ಮುಖ ಸ್ವಲ್ಪ ಸಡಿಲವಾಯಿತು.

"ಕಾಲಿಗೇನ್ರೀ ಆಯ್ತು?"

"ಬೆಳಗ್ಗೆಯಿಂದ ಕುಂಟ್ತಾ ಇದೆ ಕಣೇ! ನಾನೇ ಗಮನಿಸ್ದೆ. ಡಾಕ್ಟ್ರಿಗೆ ಫೋನ್ ಮಾಡ್ದೆ, ಉಪ್ಪುನೀರು, ಕಟ್ಟು, ಎಲ್ಲಾ ಆಯ್ತು."

"ನಾನು ಕೇಳಿದ್ದು ನಿಮ್ಮ ಕಾಲು."

"ನಂದು ಬಿಡು, ಮೇಡಂದು ನೋಡು ಬಾ," ಅಂತ ಭಾವ ಬಹುಮಾನ ತೋರಿಸುವ ಹುಡುಗನ ಹಾಗೆ ಅವಳನ್ನು ಕರೆದೊಯ್ದು ಬುಟ್ಟಿ ಎತ್ತಿದರು.

ಅಕ್ಕ ಮೊಣಕಾಲೂರಿ ಕೂತಳು. ಕಪ್ಪು ಟೇಪಿನ ತುದಿ ಹುಡುಕಿ ನಿಧಾನಕ್ಕೆ ಬಿಡಿಸತೊಡಗಿದಳು. ಟೇಪಿನ ಜೊತೆ ಎರಡು ಪುಕ್ಕವೂ ಬಂದವು.

"ಬೆಳಗ್ಗೆಯಿಂದಾನಾ?"

"ಹೂಂ. ನಾನೇ ಮೊದಲು ನೋಡಿದ್ದು."

"ಮರಿಯಾಗಿದ್ದಾಗಿಂದ ಕುಂಟ್ತಾಳೆ ರೀ ಇವಳು. ಎಡಗಾಲು. ಮೂರು ವರ್ಷದಿಂದ ಇದೇ ಹಿತ್ತಲಲ್ಲಿ ಕುಂಟ್ಕೊಂಡೇ ಓಡಾಡಿದಾಳೆ. ದಿನಾ ನೀವು ಶೂ ಹಾಕ್ಕೊಳ್ಳೋವಾಗ ನಿಮ್ಮ ಕಾಲ ಹತ್ರಾನೇ ಬಂದು ನಿಲ್ತಿದ್ಲು."

ನರ್ಸಮ್ಮ ಟಬ್ಬು ಎತ್ತಿಕೊಂಡು ಹೊರಟರು. ಮೆಕ್ಯಾನಿಕ್ಕಿಗೆ ಗ್ಯಾರೇಜಿನಲ್ಲಿ ಏನೋ ನೆನಪಾಯಿತು. ಅಕ್ಕ ಮೇಡಂ ಅವರನ್ನು ಎತ್ತಿ ತಾನು ತಂದ ಬುಟ್ಟಿಯಲ್ಲಿ ಕೂರಿಸಿ ಸೆರಗು ಮುಚ್ಚಿದಳು. ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಭಾವ ಗೇಟಿನವರೆಗೆ ಕುಂಟುತ್ತಾ ಬಂದು, ಅಲ್ಲಿಂದ ಮುಂದೆ ಬರಲು ಧೈರ್ಯ ಸಾಲದೆ ಗೇಟು ಹಿಡಿದು ನಿಂತರು.

ಇಲ್ಲಿಗೆ ಶುಭಂ ಅಂತ ಬೋರ್ಡು ಹಾಕಿ ಲೈಟ್ ಹಾಕಿಸಬಹುದಿತ್ತು. ಆದರೆ ನೀವು ಇಷ್ಟು ಹೊತ್ತು ಕೂತಿದ್ದೀರಿ. ನಡೆದದ್ದನ್ನು ಹೇಳಿಬಿಡುತ್ತೇನೆ.

ಮೇಡಂ ಹುಟ್ಟಿನಿಂದ ಕುಂಟಿಯಲ್ಲ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ನಾನು ಹೀರೋ ಎಂಟ್ರಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಡೈಲಾಗ್ ಹೊಡೆದು, ಕೋಳಿಗೂಡಿನ ಬಾಗಿಲನ್ನು ಒದ್ದೆ. ಬಾಗಿಲ ಹಿಂದೆ ಹತ್ತು ದಿನದ ಮರಿ ಇತ್ತು. ಅಕ್ಕ ಕೇಳಿದಾಗ "ಮೊಟ್ಟೆಯಿಂದ ಬಂದಿದ್ದೇ ಹೀಗೆ" ಅಂದೆ. ಅವಳು ನಂಬಿದಳು. ಏಳು ಮರಿಗಳಲ್ಲಿ ಅದನ್ನೇ ಎತ್ತಿಕೊಂಡು ಗಂಡನ ಮನೆಗೆ ಹೋದಳು, ಪಾಪ ಅಂತ.

ಆ ಭಾನುವಾರ ಬೆಳಗ್ಗೆ ನಾನು ಆ ಮಾತು ಬಿಟ್ಟದ್ದು ಸುಮ್ಮನೆ ತಮಾಷೆಗೆ. ಆದರೆ ಡಾಕ್ಟರು "ಎಷ್ಟು ದಿನದಿಂದ" ಅಂದಾಗ ನಾನು ಮೋಡ ಎಣಿಸಿದ್ದು ತಮಾಷೆಗಲ್ಲ. ದಿನ, ವಾರ, ಗಂಟೆ ಸಮೇತ ಉತ್ತರ ಗೊತ್ತಿದ್ದವನು ನಾನೊಬ್ಬನೇ.

ಬಸ್ಸಿನಲ್ಲಿ ಅಕ್ಕ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎರಡು ಸ್ಟಾಪು ದಾಟಿದ ಮೇಲೆ ಕೇಳಿದಳು: "ಬೆಳಗ್ಗೆಯಿಂದ ಅಲ್ಲೇ ಇದ್ಯಲ್ಲೋ. ಅವ್ರು ಅಷ್ಟು ಒದ್ದಾಡ್ತಿದ್ರೆ, ಇದು ಮೊದಲಿಂದಾನೂ ಹೀಗೇ ಅಂತ ಒಂದು ಮಾತು ಹೇಳ್ಬಾರದಿತ್ತಾ?"

"ನಾನು ಯಾವತ್ತೂ ಗಮನಿಸೇ ಇರ್ಲಿಲ್ಲ ಅಕ್ಕ," ಅಂದೆ.

ಅವಳು ನನ್ನ ತಲೆ ಸವರಿ, "ಹೋಗ್ಲಿ ಬಿಡು, ಹುಡುಗ್ರಿಗೆಲ್ಲಿ ಗೊತ್ತಾಗತ್ತೆ" ಅಂದು ಕಿಟಕಿಯ ಕಡೆ ತಿರುಗಿಕೊಂಡಳು.