ಹೆಬ್ಬಾಳದ ಮೇಲೆ ಹಿಮಾಲಯದ ತಲೆನೋವು

ಒಂದು ಕಡೆ ಕೂರಲಾಗದವರ ಬೆನ್ನಿಗೆ ಇಂಥ ಪ್ರಸಂಗಗಳು ಅಂಟಿಕೊಂಡೇ ಬರುತ್ತವೆ. ಎಷ್ಟೋ ದೇಶಗಳಲ್ಲಿ ನಾನು ಬಸ್ಸು ತಪ್ಪಿಸಿಕೊಂಡಿದ್ದೇನೆ, ಆದರೆ ಹಿಮಾಲಯದಿಂದ ಮನೆಗೆ ಬಂದ ಆ ಸಲದಷ್ಟು ಚಡಪಡಿಸಿದ್ದಿಲ್ಲ.

ಎತ್ತರದಲ್ಲಿ ಬದುಕುವವರ ರಕ್ತ ಹೇಗಿರುತ್ತದೆಂದು ನೋಡಲು ಹೋದ ವೈದ್ಯರ ತಂಡಕ್ಕೆ ಊಟ, ಟೆಂಟು, ಟಿಕೆಟ್ಟು ನೋಡಿಕೊಳ್ಳುವವಳು ನಾನು. ಬೆಟ್ಟದ ಹಳ್ಳಿಗರು ಕೊಟ್ಟ ರಕ್ತವೆಲ್ಲ ಒಂದು ಐಸ್ ಪೆಟ್ಟಿಗೆಯಲ್ಲಿತ್ತು. ಐಸ್ ಕರಗುವುದರೊಳಗೆ ಅದು ಹೆಬ್ಬಾಳದ ಲ್ಯಾಬ್ ಸೇರಬೇಕು. ಇಲ್ಲದಿದ್ದರೆ ಪಟ್ಟ ಪಾಡೆಲ್ಲ ದಂಡ.

೧. ಬೆಳಗಿನ ಪ್ರಶ್ನೆ

ತಂಡದ ಹಿರಿಯ ಡಾಕ್ಟರಮ್ಮ ಬೆಳಗಾದರೆ ಟೆಂಟಿನ ಬಾಗಿಲಿಗೆ ಬರುತ್ತಿದ್ದರು. "ತಲೆನೋವಿದೆಯಾ? ವಾಕರಿಕೆ? ನಿದ್ದೆ ಬಂತಾ?" ಹೌದೆಂದರೆ ಅದು ಎತ್ತರದ ಕಾಯಿಲೆ, ಅದಕ್ಕೆ ಅವರ ಹತ್ತಿರ ಒಂದೇ ಮದ್ದು: ತಕ್ಷಣ ಕೆಳಗಿಳಿಸುವುದು. ಆ ಹೆದರಿಕೆಗೆ ಎಲ್ಲರೂ ಇಲ್ಲ ಎನ್ನುತ್ತಿದ್ದೆವು.

ಒಂದು ದಿನ ತಂಡದಲ್ಲಿದ್ದ ಮತ್ತಿಕೆರೆಯ ಡಾಕ್ಟರೊಬ್ಬರನ್ನು ಕೇಳಿದರು: "ಸುಮ್ಸುಮ್ನೆ ಸಿಟ್ಟು ಬರುತ್ತಾ?"

ಮಲಗುವ ಚೀಲದೊಳಗಿಂದಲೇ ಉತ್ತರ ಬಂತು: "ದಿನಕ್ಕೊಂದ್ಸಲ ಬರುತ್ತೆ ಮೇಡಂ. ಈಗ ಬರ್ತಾ ಇದೆ."

೨. ಹೇಸರಗತ್ತೆ

ಇಳಿಯುವ ದಿನ ಪೆಟ್ಟಿಗೆಯನ್ನು ಹೇಸರಗತ್ತೆಯ ಮೇಲೆ ಕಟ್ಟಿದೆವು. ಕೆಳಗಿನ ಹಳ್ಳಿಯ ಹುಲ್ಲು ನೆನಪಾಯಿತೋ ಏನೋ, ಅದು ಪೆಟ್ಟಿಗೆ ಸಮೇತ ಓಟ ಕಿತ್ತಿತು. ಹಿಂದೆ ನಾವು, ನಮ್ಮ ಹಿಂದೆ ಅದರ ಯಜಮಾನ. ಹಳ್ಳಿ ಮುಟ್ಟಿದಾಗ ಅದು ಆರಾಮಾಗಿ ಮೇಯುತ್ತಿತ್ತು. ಪೆಟ್ಟಿಗೆಗೆ ಒಂದು ಗೀರೂ ಇಲ್ಲ.

ಮೊಣಕಾಲು ಹಿಡಿದು ಏದುಸಿರು ಬಿಡುತ್ತ ಮತ್ತಿಕೆರೆಯ ಡಾಕ್ಟರು ಅಂದರು: "ತಪ್ಪು ಮಾಡಿದ್ವಿ ಕಣ್ರೀ. ಇದರ ರಕ್ತ ತೆಗೀಬೇಕಿತ್ತು."

೩. ಅಮ್ಮನ ಲೆಕ್ಕ

ವಿಮಾನ ಇಳಿದು ವ್ಯಾನ್ ಹತ್ತಿದೆವು. ಆರ್.ಟಿ. ನಗರದಿಂದ ಅಮ್ಮನ ಫೋನು.

"ಎಲ್ಲಿದ್ದೀಯೇ?"

"ಹೆಬ್ಬಾಳದ ಹತ್ರ ಬಂದ್ವಿ ಅಮ್ಮ. ಇನ್ನೇನು ಪೆಟ್ಟಿಗೆ ಕೊಟ್ಟು ಬಂದ್ಬಿಡ್ತೀನಿ."

"ಹೆಬ್ಬಾಳಾನಾ? ಹಾಗಾದ್ರೆ ಈಗ ಅಕ್ಕಿ ತೊಳೆಯಲ್ಲ ಬಿಡು. ರಾತ್ರಿಗೆ ಉಪ್ಪಿಟ್ಟು ಮಾಡ್ತೀನಿ."

೪. ಒಂದೇ ಮದ್ದು

ಅಮ್ಮನ ಲೆಕ್ಕ ತಪ್ಪಲಿಲ್ಲ. ವ್ಯಾನು ಫ್ಲೈಓವರ್‌ನ ನೆತ್ತಿ ಹತ್ತಿ ಟ್ರಾಫಿಕ್ಕಿನಲ್ಲಿ ಅಲ್ಲೇ ನಿಂತುಬಿಟ್ಟಿತು. ಕೆಳಗೆ ಲ್ಯಾಬಿನ ಕಟ್ಟಡ ಕಾಣುತ್ತಿದೆ, ಇಲ್ಲಿ ಪೆಟ್ಟಿಗೆ ತೊಟ್ಟಿಕ್ಕುತ್ತಿದೆ. ನಾನು ಎರಡು ಸಲ ಬಾಗಿಲು ತೆಗೆದು ಮುಚ್ಚಿದೆ. ಡಾಕ್ಟರಮ್ಮನಿಗೆ ಆಗಲೇ ನೆನಪಾಯಿತು, ಊರಿಗೆ ಬಂದಿಳಿದ ದಿನವೂ ಆ ಪ್ರಶ್ನೆಗಳನ್ನು ಕೇಳಬೇಕು.

"ತಲೆನೋವು?" ಎಲ್ಲರಿಗೂ ಇತ್ತು. "ವಾಕರಿಕೆ?" ಇಬ್ಬರು ಕಿಟಕಿಗೆ ಮುಖ ಕೊಟ್ಟಿದ್ದರು. "ಸಿಟ್ಟು?" ಎಲ್ಲರೂ ಅವರನ್ನು ದುರುಗುಟ್ಟಿ ನೋಡಿದರು.

ಡ್ರೈವರನ್ನೂ ಬಿಡಲಿಲ್ಲ. "ನಿಮಗೆ?"

"ಸಿಕ್ಕಾಪಟ್ಟೆ ತಲೆನೋವು ಮೇಡಂ. ಏರ್‌ಪೋರ್ಟಿಂದ ಶುರುವಾಗಿದ್ದು."

"ಬೆಟ್ಟದ ಮೇಲೆ ಒಬ್ಬರಿಗೂ ಇಷ್ಟು ಜೋರಾಗಿರಲಿಲ್ಲ," ಎಂದು ಡಾಕ್ಟರಮ್ಮ ಗಂಭೀರರಾದರು. "ನಿಯಮ ಅಂದ್ರೆ ನಿಯಮ. ಎಲ್ಲರೂ ತಕ್ಷಣ ಕೆಳಗಿಳೀರಿ."

ನನಗೆ ಅಷ್ಟೇ ಬೇಕಿತ್ತು. ಪೆಟ್ಟಿಗೆಗೆ ಇಬ್ಬರು ಹೆಗಲು ಕೊಟ್ಟರು. ಬೆಟ್ಟದ ಬೂಟುಗಳಲ್ಲಿ ಸಾಲಾಗಿ ಫ್ಲೈಓವರ್ ಇಳಿದೆವು. ಒಂದು ಬೈಕಿನವನು ಹೆಲ್ಮೆಟ್ ಎತ್ತಿ, "ಗುರು, ಮೇಲೆ ಸ್ನೋ ಬಿದ್ದೈತಾ?" ಎಂದ.

ಲ್ಯಾಬಿನವರು ಮುಚ್ಚಳ ತೆಗೆದಾಗ ಅಂಗೈಯಷ್ಟು ಐಸ್ ಉಳಿದಿತ್ತು. ರಕ್ತ ಕೆಟ್ಟಿರಲಿಲ್ಲ. ಕಾಫಿ ಕುಡಿದು, ಬ್ಯಾಗುಗಳಿಗಾಗಿ ಡ್ರೈವರಿಗೆ ಫೋನ್ ಮಾಡಿದೆ.

"ಎಲ್ಲಿದ್ದೀರಾ?"

"ನೀವು ಬಿಟ್ಟಲ್ಲೇ ಇದ್ದೀನಿ. ಆದ್ರೆ ಡಾಕ್ಟ್ರಿಗೆ ಹೇಳ್ಬಿಡಿ ಮೇಡಂ, ಅವರ ಮದ್ದು ಸರಿಯಾಗಿದೆ. ನೀವೆಲ್ಲ ಇಳಿದಿದ್ದೇ ತಡ, ನನ್ನ ತಲೆನೋವು ಹೋಯ್ತು."