ನದಿ ಒಯ್ದ ಸೇತುವೆಗೆ ಪ್ರಥಮ ಬಹುಮಾನ

೧೯೫೦ನೇ ಇಸವಿಯಲ್ಲಿ ನಮ್ಮ ಗಣರಾಜ್ಯದಲ್ಲಿ ಯಾವ ಅನಾಹುತವೂ ಸಂಭವಿಸಲಿಲ್ಲ. ಇದು ನನ್ನ ಅಭಿಪ್ರಾಯವಲ್ಲ. ರಾಜಧಾನಿಯ ವಾರ್ಷಿಕ ಘಟನೆಗಳ ಇಲಾಖೆ ಅಚ್ಚು ಹಾಕಿಸಿದ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಹಾಗೆಂದು ಇದೆ. ಅದೇ ಪುಟದಲ್ಲಿ ‘ಯುದ್ಧಗಳು’ ಎಂಬಲ್ಲಿ ಕೊರಿಯಾ ಇದೆ. ‘ಲೋಕದ ಸಂಗತಿಗಳು’ ಎಂಬಲ್ಲಿ ರಿಯೋದಲ್ಲಿ ಬ್ರೆಜಿಲ್ ತಂಡ ಉರುಗ್ವೆಗೆ ಸೋತದ್ದು ಇದೆ. ‘ಅನಾಹುತಗಳು, ವಿದೇಶ’ ಎಂಬಲ್ಲಿ ಎಲ್ಲೋ ದೂರದ ಅಸ್ಸಾಮಿನ ಭೂಕಂಪವಿದೆ. ‘ಅನಾಹುತಗಳು, ಸ್ವದೇಶ’ ಎಂಬಲ್ಲಿ ಒಂದು ಗೆರೆ ಎಳೆದಿದ್ದಾರೆ. ಗೆರೆ ಎಂದರೆ ಏನೂ ಇಲ್ಲ ಎಂದರ್ಥ.

ಆ ವರ್ಷ ಡಿಸೆಂಬರ್ ಇಪ್ಪತ್ತೆಂಟರ ಬೆಳಿಗ್ಗೆ ಏಳಕ್ಕೆ ನಮ್ಮೂರು ಎಲ್ ವಾದೋದ ಸೇತುವೆಯೂ ಮೂವತ್ತೊಂದು ಮನೆಗಳೂ ನದಿಯಲ್ಲಿ ಹೋದವು. ಹೋದವು ಎಂದರೆ ಕೊಚ್ಚಿಕೊಂಡು ಹೋದವು. ಜನರೆಲ್ಲ ಗುಡ್ಡದ ಮೇಲಿನ ಚರ್ಚಿನಲ್ಲಿ ಪೂಜೆಗೆ ಸೇರಿದ್ದರಿಂದ ಯಾರೂ ಸಾಯಲಿಲ್ಲ. ಪೂಜೆ ಮುಗಿಸಿ ಹೊರಗೆ ಬಂದಾಗ ಹೋಗುವುದಕ್ಕೆ ಮನೆ ಇರಲಿಲ್ಲ, ಅಷ್ಟೇ.

ನಾನು ಊರಿನ ತಂತಿ ಕಚೇರಿಯ ಗುಮಾಸ್ತ. ಕಚೇರಿಯೂ ಗುಡ್ಡದ ಮೇಲಿದೆ, ಹಾಗಾಗಿ ಉಳಿಯಿತು. ಅದರ ಪಕ್ಕದಲ್ಲಿ ಆರು ಕೋಣೆಯ ಸರ್ಕಾರಿ ಅತಿಥಿಗೃಹವಿದೆ. ಅದಕ್ಕೆ ಸದಾ ಬೀಗ. ಕೀಲಿ ರಾಜಧಾನಿಯಲ್ಲಿರುತ್ತದೆ. ಅಧಿಕಾರಿ ಬಂದರೆ ಅಥವಾ ಅನಾಹುತ ಘೋಷಣೆಯಾದರೆ ಮಾತ್ರ ತೆರೆಯಬೇಕೆಂಬುದು ನಿಯಮ. ನಾನು ಕೂಡಲೇ ತಂತಿ ಹೊಡೆದೆ: “ಇಂದು ನದಿ ಸೇತುವೆ, ೩೧ ಮನೆ ಒಯ್ದಿದೆ. ಡೇರೆ, ಹಿಟ್ಟು, ಅತಿಥಿಗೃಹದ ಕೀಲಿ ಕಳಿಸಿ.”

ಒಂದು ಗಂಟೆಯಲ್ಲಿ ಉತ್ತರ ಬಂತು: “ನಿಮ್ಮ ತಂತಿ ತಲುಪಿತು. ಎಲ್ಲರೂ ನಕ್ಕೆವು. ಕಳೆದ ವರ್ಷದ್ದಕ್ಕಿಂತ ಚೆನ್ನಾಗಿದೆ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಸೆಂಬರ್ ಇಪ್ಪತ್ತೆಂಟು ನಮ್ಮಲ್ಲಿ ಮುಗ್ಧರ ದಿನ. ಹೆರೋದ ರಾಜ ಕೊಲ್ಲಿಸಿದ ಹಸುಳೆಗಳ ನೆನಪಿಗೆ ಬೆಳಿಗ್ಗೆ ಪೂಜೆ ಮಾಡಿ, ಆಮೇಲೆ ಸಂಜೆಯವರೆಗೂ ಒಬ್ಬರನ್ನೊಬ್ಬರು ಬೇಸ್ತು ಬೀಳಿಸುತ್ತೇವೆ. ಬಿದ್ದವರನ್ನು “ಪಾಪದ ಪಾರಿವಾಳ!” ಎಂದು ಕೂಗುತ್ತೇವೆ. ಆ ದಿನ ಯಾರಾದರೂ ಏನನ್ನಾದರೂ ಕಡ ಕೊಟ್ಟರೆ ವಾಪಸು ಕೇಳುವಂತಿಲ್ಲ. ಕೊಟ್ಟವನದೇ ತಪ್ಪು. ನನ್ನ ಮಾವ ಹೀಗೆ ಒಂದು ಹೇಸರಗತ್ತೆ ಕಳೆದುಕೊಂಡಿದ್ದಾನೆ. ಹಿಂದಿನ ವರ್ಷ ಅದೇ ದಿನ ನಾನು, ನದಿಯಲ್ಲಿ ತಿಮಿಂಗಿಲ ಸಿಕ್ಕಿಕೊಂಡಿದೆ ಎಂದು ಇಲಾಖೆಗೆ ತಂತಿ ಕಳಿಸಿದ್ದೆ. ಅವರು ಅಳತೆಯ ಟೇಪು ಕೊಟ್ಟು ಒಬ್ಬನನ್ನು ಕಳಿಸಿದ್ದರು.

“ತಿಮಿಂಗಿಲ ಬಿಟ್ಯಲ್ಲ, ಈಗ ಅನುಭವಿಸು,” ಎಂದರು ದೋನ್ಯಾ ಒಬ್ದುಲಿಯಾ.

ಇವರು ನಮ್ಮೂರಿನ ಬೇಕರಿಯವರು. ‘ದೋನ್ಯಾ’ ಎಂದರೆ ನಮ್ಮಲ್ಲಿ ಅಮ್ಮನವರು ಎಂದ ಹಾಗೆ. ವಯಸ್ಸು ಅರವತ್ತೆರಡು. ಮನೆಯೂ ಒಲೆಯೂ ನದಿಯಲ್ಲಿ ಹೋಗಿದ್ದರಿಂದ ಎರಡು ಕೋಳಿಗಳೊಂದಿಗೆ ನನ್ನ ಮೇಜಿನ ಹಿಂದೆ ಬಿಡಾರ ಹೂಡಿದ್ದರು. ಉಳಿದ ಮೂವತ್ತು ಮನೆಯವರು ಚರ್ಚಿನ ಬೆಂಚುಗಳ ಮೇಲಿದ್ದರು.

“ಇನ್ನೊಂದು ಹೊಡಿ. ನಿಜವಾಗ್ಲೂ ಅಂತ ಸೇರಿಸು.”

ಸೇರಿಸಿದೆ. ಉತ್ತರ: “ನಿಜವೆಂದು ಒತ್ತಿ ಹೇಳುವುದು ತಮಾಷೆಯ ಲಕ್ಷಣ. ನಿಯಮ ೪.”

ಮರುದಿನ ಮತ್ತೆ ಕಳಿಸಿದೆ. ಮರುದಿನ ಮುಗ್ಧರ ದಿನವಲ್ಲ ಎಂಬುದು ನನ್ನ ಲೆಕ್ಕಾಚಾರ. ಉತ್ತರ: “ಇಪ್ಪತ್ತೆಂಟರ ಘಟನೆಯನ್ನು ಇಪ್ಪತ್ತೊಂಬತ್ತರಂದು ತಿಳಿಸಿದರೆ ಅದು ಹಳೆಯ ತಮಾಷೆ. ದಯವಿಟ್ಟು ಮಟ್ಟ ಕಾಯ್ದುಕೊಳ್ಳಿ.”

ಫೆಬ್ರವರಿಯಲ್ಲಿ ಇಲಾಖೆಯ ತನಿಖಾಧಿಕಾರಿ ದೋನ್ ಅರಿಸ್ತಿದೆಸ್ ಬೋಕಾನೇಗ್ರಾ ಬಂದರು. ಸೇತುವೆ ಇಲ್ಲದ್ದರಿಂದ ದೋಣಿಯಲ್ಲಿ ಬಂದರು. ನಡುವೆ ದೋಣಿ ಮರಳಿಗೆ ಸಿಕ್ಕಿಕೊಂಡಾಗ ಬೂಟು ಕೈಯಲ್ಲಿ ಹಿಡಿದು ಸೊಂಟದ ನೀರಿನಲ್ಲಿ ನಡೆದರು. ದಡ ಹತ್ತಿ ಮೊದಲು ಕೇಳಿದ್ದೇ,

“ಎಲ್ಲಿ ಬಚ್ಚಿಟ್ಟಿದ್ದೀರಿ?”

“ಏನ್ ಸಾಹೇಬ್ರೇ?”

“ಸೇತುವೆ. ತಮಾಷೆ ಸಾಕು, ಈಗ ತೆಗೀರಿ.”

“ಅಯ್ಯೋ, ನದಿ ತಗೊಂಡು ಹೋಯ್ತು ಸಾಹೇಬ್ರೇ,” ಎಂದರು ಒಬ್ದುಲಿಯಾ. “ನನ್ನ ಒಲೆನೂ ಹೋಯ್ತು. ನಾನೀಗ ಈ ತಂತಿಯವನ ಕಾಲ್ಬುಡದಲ್ಲಿ ಮಲಗ್ತೀನಿ. ಇವನ ಗೊರಕೆ ಕೇಳಿದ್ದೀರಾ?”

“ತಗೊಂಡು ಹೋದದ್ದು ಯಾವ ತಾರೀಖು?”

“ಇಪ್ಪತ್ತೆಂಟು.”

ಸಾಹೇಬರು ತಮ್ಮ ಟಿಪ್ಪಣಿ ಪುಸ್ತಕ ಮುಚ್ಚಿದರು. ಅವರ ಮುಖದಲ್ಲಿ ಕಷ್ಟದ ಲೆಕ್ಕ ಬಿಡಿಸಿದವರ ನೆಮ್ಮದಿ ಇತ್ತು. “ಆ ದಿನ ಒಯ್ದದ್ದನ್ನ ವಾಪಸು ಕೇಳೋ ಹಾಗಿಲ್ಲ. ನಿಮಗೇ ಗೊತ್ತಲ್ಲ.”

“ನಾವೇನು ಕಡ ಕೊಟ್ವಾ?”

“ತಡೆದಿರಾ?”

“ಯಾರ್ನ, ನದೀನಾ?”

“ತಡೀಲಿಲ್ಲ ಅಂದ್ರೆ ಕೊಟ್ಟ ಹಾಗೇ.”

ಅಲ್ಲೇ ನಿಂತು ಹದಿನೇಳನೇ ಆದೇಶ ಬರೆದರು. ಅದರ ಸಾರಾಂಶ ಇಷ್ಟು: ಮುಗ್ಧರ ದಿನದಂದು ಒಬ್ಬರಿಂದ ಒಬ್ಬರಿಗೆ ಹೋದ ವಸ್ತು, ಕಟ್ಟಡ ಅಥವಾ ಸೇತುವೆ ಪಡೆದವರಿಗೇ ಸೇರಿದ್ದು, ತಡೆಯದೆ ಇರುವುದು ಒಪ್ಪಿಗೆ, ಇದು ಖಾಸಗಿಗೂ ಸರ್ಕಾರಕ್ಕೂ ಸಮನಾಗಿ ಅನ್ವಯ. ಕೊನೆಯ ಮಾತನ್ನು ಯಾಕೆ ಸೇರಿಸಿದರೋ ತಿಳಿಯದು. ಸೇತುವೆ ಸರ್ಕಾರದ್ದಾದ್ದರಿಂದ ಸೇರಿಸಿರಬೇಕು.

“ಇದರದೊಂದು ನಕಲು ಕೊಡ್ತೀರಾ ಸಾಹೇಬ್ರೇ? ಮೊಹರು ಹಾಕಿ?” ಎಂದು ಒಬ್ದುಲಿಯಾ ಕೇಳಿದರು. ಸಾಹೇಬರು ಸಂತೋಷದಿಂದ ಕೊಟ್ಟರು. ಆದೇಶದ ನಕಲನ್ನು ಅವರಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಂತೆ. ಅಜ್ಜಿ ಅದನ್ನು ಮಡಿಚಿ ಬ್ರೆಡ್ಡಿನ ಡಬ್ಬಿಯಲ್ಲಿ ಇಟ್ಟರು. ಡಬ್ಬಿಯಲ್ಲಿ ಬ್ರೆಡ್ ಇರಲಿಲ್ಲ.

ಇಲಾಖೆಯ ವಾರ್ಷಿಕ ಪುಸ್ತಕ ಅಚ್ಚಾಗಿ ಬಂದಾಗ ಅದರ ಅನುಬಂಧದಲ್ಲಿ ‘ರಾಷ್ಟ್ರೀಯ ಹಾಸ್ಯ’ ಎಂಬ ವಿಭಾಗವಿತ್ತು. ಪ್ರಥಮ ಬಹುಮಾನ: ಎಲ್ ವಾದೋ ಸೇತುವೆ. ಬಹುಮಾನದ ಹಿತ್ತಾಳೆ ಫಲಕವನ್ನು ಮುಂದಿನ ಮುಗ್ಧರ ದಿನದಂದೇ, ಸೇತುವೆ ಇದ್ದ ಜಾಗದಲ್ಲೇ ನೆಡುವುದೆಂದು ತೀರ್ಮಾನವಾಯಿತು.

ಹೀಗೆ ೧೯೫೧ರ ಡಿಸೆಂಬರ್ ಇಪ್ಪತ್ತೆಂಟರಂದು ಬೋಕಾನೇಗ್ರಾ ಸಾಹೇಬರು ಫಲಕದೊಂದಿಗೆ ದೋಣಿಯಿಂದ ಇಳಿದರು. ಈ ಸಲ ಎರಡು ದಿನ ಉಳಿಯುವುದಿತ್ತು, ಆದ್ದರಿಂದ ಅತಿಥಿಗೃಹದ ಕೀಲಿ ಅವರ ಜೇಬಿನಲ್ಲಿತ್ತು. ಅವರು ನದಿಯ ಕಡೆ ಮುಖ ಮಾಡಿ ಭಾಷಣ ಅಭ್ಯಾಸ ಮಾಡುತ್ತಿದ್ದಾಗ ಒಬ್ದುಲಿಯಾ ಪೊರಕೆ ಹಿಡಿದು ಬಂದರು.

“ಸಾಹೇಬ್ರೇ, ಒಳಗೆಲ್ಲಾ ಜೇಡನ ಬಲೆ. ಕೀಲಿ ಒಂದು ಘಳಿಗೆ ಕಡ ಕೊಡಿ, ಗುಡಿಸಿ ಕಾಫಿ ಕಾಯಿಸಿಡ್ತೀನಿ.”

“ಬೆಲ್ಲ ಜಾಸ್ತಿ ಇರಲಿ,” ಎಂದು ಸಾಹೇಬರು ಭಾಷಣದಿಂದ ಕಣ್ಣೆತ್ತದೆ ಕೀಲಿ ಕೊಟ್ಟರು.

ಭಾಷಣ ಹಾಸ್ಯಪ್ರಜ್ಞೆಯನ್ನು ಕುರಿತದ್ದಾಗಿತ್ತು. ಅದು ಮುಗಿದು ಅವರು ಗುಡ್ಡ ಹತ್ತಿದಾಗ ಅತಿಥಿಗೃಹದ ಬಾಗಿಲು ಒಳಗಿನಿಂದ ಹಾಕಿತ್ತು. ಚಿಮಣಿಯಲ್ಲಿ ಹೊಗೆ. ಚರ್ಚಿನ ಬೆಂಚಿನ ಜನರೆಲ್ಲ ಹಾಸಿಗೆ ಸಮೇತ ಕಿಟಕಿಗಳಲ್ಲಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ಒಬ್ದುಲಿಯಾ, ಎರಡು ಕೋಳಿ.

“ಸಾಹೇಬ್ರೇ, ಇವತ್ತು ಎಷ್ಟನೇ ತಾರೀಖು?”

“ಇಪ್ಪತ್…” ಎಂದು ಸಾಹೇಬರು ನಿಲ್ಲಿಸಿದರು.

“ಪಾಪದ ಪಾರಿವಾಳ!” ಎಂದು ಮೂವತ್ತೊಂದು ಮನೆಯವರು ಒಟ್ಟಿಗೆ ಕೂಗಿದರು.

“ಇದು ಸರ್ಕಾರದ ಆಸ್ತಿ, ದೋನ್ಯಾ!”

“ಸೇತುವೆ ಯಾರದಾಗಿತ್ತು? ನಮ್ಮಪ್ಪಂದಾ?” ಅಜ್ಜಿ ಡಬ್ಬಿಯಿಂದ ಹದಿನೇಳನೇ ಆದೇಶ ತೆಗೆದು ಗಾಜಿಗೆ ಒತ್ತಿ ಹಿಡಿದರು. “ಕೀಲಿ ತಗೊಳ್ಳುವಾಗ ತಡೆದಿರಾ?”

ಸಾಹೇಬರು ಆದೇಶವನ್ನು ಹೊರಗಿನಿಂದ ಪೂರ್ತಿ ಓದಿದರು. ಮೊಹರು ಪರೀಕ್ಷಿಸಿದರು. ಮೊಹರು ಸರಿಯಾಗಿತ್ತು. ಆಮೇಲೆ ನನ್ನ ಕಚೇರಿಗೆ ಬಂದು, ಅತಿಥಿಗೃಹ ಕಳೆದುಹೋಗಿದೆ ಎಂದು ತಂತಿ ಕೊಡಲು ಹೇಳಿದರು.

“ತಮಾಷೆ ಅಂದ್ಕೊಳ್ತಾರೆ ಸಾಹೇಬ್ರೇ,” ಎಂದೆ.

ಅಂದುಕೊಳ್ಳಲಿಲ್ಲ. ಬೋಕಾನೇಗ್ರಾ ಅವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಅವರ ಸೇವಾ ಪುಸ್ತಕದಲ್ಲಿ ಮೊದಲೇ ದಾಖಲಾಗಿತ್ತು. ಆದ್ದರಿಂದ ಅವರು ಹೇಳಿದ್ದು ನಿಜವೇ ಇರಬೇಕೆಂದು ಇಲಾಖೆ ನಿರ್ಣಯಿಸಿತು. ಹದಿನೇಳನೇ ಆದೇಶದ ಪ್ರಕಾರ ಕಟ್ಟಡ ಪಡೆದವರಿಗೇ ಉಳಿಯಿತು. ೧೯೫೧ರ ಪುಸ್ತಕದಲ್ಲಿ ಕೊರಿಯಾ ಮತ್ತೆ ಇದೆ. ‘ಅನಾಹುತಗಳು, ಸ್ವದೇಶ’ ಎಂಬಲ್ಲಿ ಈ ಸಲ ಗೆರೆ ಇಲ್ಲ: “ಎಲ್ ವಾದೋ. ಸರ್ಕಾರಿ ಅತಿಥಿಗೃಹ ನಷ್ಟ. ಪ್ರಾಣಹಾನಿ ಇಲ್ಲ. ಸಂತ್ರಸ್ತರು: ಒಬ್ಬರು.”

ಅನಾಹುತ ಘೋಷಣೆಯಾದ್ದರಿಂದ ನಿಯಮದಂತೆ ನೆರವೂ ಬಂತು. ಸಂತ್ರಸ್ತರು ಒಬ್ಬರೇ ಆದ್ದರಿಂದ ಒಂದು ಡೇರೆ, ಒಂದು ಚೀಲ ಹಿಟ್ಟು. ವಿಚಾರಣೆ ಮುಗಿಯುವವರೆಗೆ ಸಂತ್ರಸ್ತರು ಸ್ಥಳ ಬಿಡುವಂತಿಲ್ಲ, ಹಾಗಾಗಿ ಸಾಹೇಬರು ಫಲಕದ ಪಕ್ಕದಲ್ಲಿ ಡೇರೆ ಹಾಕಿಕೊಂಡರು. ಹಸಿ ಹಿಟ್ಟು ತಿನ್ನಲಾಗದೆ ಚೀಲ ಹೊತ್ತು ಅತಿಥಿಗೃಹದ ಕಿಟಕಿಗೆ ಬಂದರು.

“ಬ್ರೆಡ್ ಮಾಡ್ಕೊಡ್ತೀರಾ ದೋನ್ಯಾ?”

“ಕೊಡಿ ಇಲ್ಲಿ.”

ಸಾಹೇಬರು ಚೀಲವನ್ನು ಎದೆಗೆ ಅವುಚಿಕೊಂಡು, ಪಕ್ಕದ ಕಚೇರಿಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

“ಇವತ್ತು ಎಷ್ಟನೇ ತಾರೀಖು?”

“ಜನವರಿ ಒಂಬತ್ತು ಸಾಹೇಬ್ರೇ.”

ಅವರು ಕಚೇರಿಯ ಗೋಡೆಯ ಕ್ಯಾಲೆಂಡರನ್ನೂ ಒಮ್ಮೆ ನೋಡಿ, ಚೀಲ ಕೊಟ್ಟರು.