ನರ ಪಕ್ಷ, ಮೆದುಳು ಪಕ್ಷ

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಪ್ಲಾಸ್ಟಿಕ್ ಕುರ್ಚಿ. ಪಯ್ಯಂಪಳ್ಳಿಯ ಅನಂತರಾಜ ಗೌಡರು ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಸಾಕು, ಸೊಂಟದಲ್ಲಿ ಹೊತ್ತಿದ ಉರಿ ಪಟಾಕಿ ಸರದ ಹಾಗೆ ಚಟಪಟ ಅನ್ನುತ್ತ ಎಡಗಾಲಿನ ಕಿರುಬೆರಳಿನ ತನಕ ಓಡುತ್ತಿತ್ತು. ಎರಡು ವರ್ಷದ ನರದ ನೋವು. ಸ್ಕ್ಯಾನ್ ಮಾಡಿಸಿದರೆ ಮಾತ್ರ, ನೆಂಟರು ಬಂದಾಗ ಬಾಗಿಲ ಹಿಂದೆ ಅಡಗುವ ಮಗುವಿನ ಹಾಗೆ ಪತ್ತೆಯೇ ಇಲ್ಲ.

ಕಲ್ಪೆಟ್ಟದ ನರತಜ್ಞ ಡಾಕ್ಟರ್ ದಿವಾಕರನ್ ಅವರನ್ನು ಕಾಣಬೇಕೆಂದರೆ ಮೂರು ತಿಂಗಳು ಕಾಯಬೇಕು. ಅಂಥವರೇ ಭಾನುವಾರ ಊರಿನ ಲೈಬ್ರರಿಗೆ ಚರ್ಚೆಗೆ ಬರುವವರಿದ್ದರು. ವಿಷಯ: ‘ತೀರದ ನರನೋವಿಗೆ ಕಾರಣ ನರವೋ, ಮೆದುಳೋ?’ ಮೆದುಳಿನ ಪರ ಮಾತಾಡಲು ಡಾಕ್ಟರ್ ಶ್ಯಾಮಳ.

“ಗೌಡ್ರೆ, ಕೊನೇ ತನಕ ಕೂತಿರಿ. ವಂದನಾರ್ಪಣೆ ಮುಗಿದ ಕೂಡ್ಲೆ ಐದು ನಿಮಿಷ ದಿವಾಕರನ್ ಸಾರಿಗೆ ನಿಮ್ಮ ಕಾಲು ತೋರಿಸೋದು ನನ್ನ ಜವಾಬ್ದಾರಿ,” ಎಂದಿದ್ದರು ಲೈಬ್ರರಿಯ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು ಮೋಹನನ್.

“ರೀ, ಕೂರಕ್ಕಾಗದವರು ಕೂರೋ ಕಾರ್ಯಕ್ರಮಕ್ಕೆ ಯಾಕ್ರೀ ಹೋಗ್ತೀರಿ?” ಎಂದು ಹೆಂಡತಿ ಜಯಮ್ಮ ಕೇಳಿದರು.

“ಈವತ್ತು ಕೂತರೇನೇ ಕಣೇ, ಮುಂದೆ ಕೂರೋ ಹಾಗಾಗೋದು.”

ಮೊದಲ ಸಾಲಿನಲ್ಲೇ ಕೂರಿಸಿದರು. ಸ್ವಾಗತ ಭಾಷಣವೇ ಇಪ್ಪತ್ತು ನಿಮಿಷ. ಆಮೇಲೆ ದಿವಾಕರನ್ ಎದ್ದರು. “ನರ ಅಂದರೆ ಆನೆ ಬೇಲಿಯ ಕರೆಂಟ್ ತಂತಿ. ಎಲ್ಲೋ ಬಳ್ಳಿ ತಾಗಿದೆ, ಕಿಡಿ ಹಾರುತ್ತಿದೆ. ದೋಷ ತಂತಿಯದು!”

ಶ್ಯಾಮಳ ನಕ್ಕರು. “ತಂತಿ ಸರಿಯಾಗಿ ಎಷ್ಟೋ ದಿನವಾಯಿತು ಡಾಕ್ಟರೇ. ಆನೆಯೂ ಕಾಡಿಗೆ ಹೋಯಿತು. ಅಟ್ಟಣೆ ಮೇಲಿನ ಕಾವಲುಗಾರ ಮಾತ್ರ ಇನ್ನೂ ಪಟಾಕಿ ಹೊಡೀತಿದ್ದಾನೆ. ಆ ಕಾವಲುಗಾರನೇ ಮೆದುಳು!”

ಆನೆಯ ಹೆಸರು ಬಂದದ್ದೇ ಸಭೆಗೆ ಜೀವ ಬಂತು. “ಎಲ್ಲಿ ಸಾರೆ ಬೇಲಿಗೆ ಕರೆಂಟು? ಮೊನ್ನೆ ನನ್ನ ಬಾಳೆ ಪೂರ್ತಿ ತಿಂದು ಹೋಯ್ತಲ್ಲ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಅಷ್ಟರಲ್ಲಿ ಗೌಡರ ಕಾಲಿಗೆ ಕಿಡಿ ಹತ್ತಿತು. ಎದ್ದು ನಿಂತರು. “ಗೌಡರದೊಂದು ಪ್ರಶ್ನೆ!” ಎಂದು ಮೋಹನನ್ ಮೈಕನ್ನು ಬಾಯಿಗೇ ತುರುಕಿದರು.

“ಯಾವುದಾದರೂ ಆಗಲಿ, ಬೇಗ ಮುಗಿಸಿ,” ಎಂದರು ಗೌಡರು. ಭಾರೀ ಚಪ್ಪಾಳೆ ಬಿತ್ತು.

ಎರಡನೇ ಸಲ ಎದ್ದಾಗ ಶ್ಯಾಮಳ ಮಾತಾಡುತ್ತಿದ್ದರು. ಚಹಾ ಅಂಗಡಿಯ ಜಾನು ಎದ್ದು ಸೊಂಟಕ್ಕೆ ಕೈಕೊಟ್ಟಳು. “ಏನ್ ಗೌಡ್ರೆ, ಹೆಂಗಸು ಮಾತಾಡಿದ್ರೆ ಕೇಳಕ್ಕಾಗಲ್ವಾ? ಕೂತ್ಕೊಳ್ಳಿ!” ಗೌಡರು ಹಲ್ಲು ಕಚ್ಚಿ ಕೂತರು.

ಮೂರನೇ ಸಲ ದಿವಾಕರನ್ ಸರದಿ. ಉರಿ ತಡೆಯದೆ ಗೌಡರು, ನಾಲ್ಕು ಹೆಜ್ಜೆ ಹಾಕಿದರೆ ಇಳಿದೀತೆಂದು ಬಾಗಿಲ ಕಡೆ ನಡೆದರು. ನಡೆದದ್ದೇ ತಪ್ಪಾಯಿತು.

“ವಾಕೌಟ್!” ಎಂದಳು ಜಾನು, ಸಂಭ್ರಮದಿಂದ. “ಗೌಡ್ರು ನಮ್ಮ ಕಡೆ ಬಂದ್ರು! ಏಳಿ ಎಲ್ಲಾ!”

ಅರ್ಧ ಸಭೆ ಎದ್ದು ಹಿಂದೆ ಬಿತ್ತು. “ಮೆದುಳು ಜಿಂದಾಬಾದ್!” ನಿಂತರೆ ಕಾಲು ಉರಿಯುತ್ತದೆ, ನಡೆದರೆ ಮೆರವಣಿಗೆ ಆಗುತ್ತದೆ. ಗೌಡರು ಲೈಬ್ರರಿಗೆ ಮೂರು ಸುತ್ತು ಹಾಕಿದರು, ಮದುವೆ ದಿಬ್ಬಣದ ಮುಂದೆ ಸಿಕ್ಕಿಕೊಂಡ ಎತ್ತಿನ ಹಾಗೆ. ಒಳಗಿದ್ದವರು ಸುಮ್ಮನಿರುತ್ತಾರೆಯೇ? ಕಿಟಕಿಯಲ್ಲಿ ತಲೆ ಹಾಕಿ “ನರ ಜಿಂದಾಬಾದ್!” ಎಂದರು. ವಂದನಾರ್ಪಣೆ ಯಾರಿಗೂ ನೆನಪಾಗಲಿಲ್ಲ.

“ಕರೆದು ಮುಂದೆ ಕೂರಿಸಿದ್ದಕ್ಕೆ ನನ್ನ ಮರ್ಯಾದೆ ತೆಗೆದ್ರಲ್ಲ ಗೌಡ್ರೆ! ಇನ್ನು ಯಾವ ಮುಖ ಇಟ್ಕೊಂಡು ನಿಮ್ಮ ಕಾಲು ತೋರಿಸ್ಲಿ?” ಎಂದು ಮೋಹನನ್ ಬಾಗಿಲು ಹಾಕಿಕೊಂಡರು.

ಗೌಡರು ಕುಂಟುತ್ತ ಲೈಬ್ರರಿಯ ಹಿತ್ತಲಿಗೆ ಓಡಿದರು. ಅಲ್ಲಿ ದಿವಾಕರನ್ ಒಬ್ಬರೇ, ಕಾರಿನ ಬಾನೆಟ್ಟಿಗೆ ಎರಡೂ ಕೈಯೂರಿ ಬಗ್ಗಿ ನಿಂತಿದ್ದರು.

“ಕ್ಷಮಿಸಿ ಸಾರ್, ಅದು ಪ್ರತಿಭಟನೆ ಅಲ್ಲ, ನನ್ನ ಕಾಲು…”

ಡಾಕ್ಟರು ಆಚೀಚೆ ನೋಡಿ ದನಿ ತಗ್ಗಿಸಿದರು. “ಗೊತ್ತು. ಎಡಗಾಲು. ಸೊಂಟದಿಂದ ಕಿರುಬೆರಳಿನ ತನಕ. ಕೂತರೆ ಉರಿ, ನಡೆದರೆ ವಾಸಿ.”

ಗೌಡರ ಕಣ್ಣು ತುಂಬಿತು. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರಿಗೆ ಅರ್ಥವಾಗಿತ್ತು. “ನೋಡದೇನೇ ಹೇಗೆ ಕಂಡುಹಿಡಿದ್ರಿ ಸಾರ್?”

“ನನಗೂ ಅದೇ. ಹದಿಮೂರು ವರ್ಷ ಆಯ್ತು. ಯಾರಿಗೂ ಹೇಳಬೇಡಿ. ನಿಮ್ಮ ವಾಕೌಟ್ ನೋಡಿ, ನಾನೂ ಜೊತೆಗೆ ಬರಬೇಕಿತ್ತು ಅನಿಸ್ತು.” ಕಾರಿನ ಕೀ ತೆಗೆದು ಗೌಡರ ಅಂಗೈಯಲ್ಲಿಟ್ಟರು. “ಓಡಿಸಕ್ಕೆ ಬರುತ್ತಲ್ಲ? ಕಲ್ಪೆಟ್ಟಕ್ಕೆ ಮುಟ್ಟಿಸಿಬಿಡಿ. ಇನ್ನು ನನಗೆ ಕೂರಕ್ಕಾಗಲ್ಲ. ಐದು ನಿಮಿಷ ಏನು, ದಾರಿಯುದ್ದಕ್ಕೂ ನಿಮ್ಮನ್ನ ಪರೀಕ್ಷೆ ಮಾಡ್ತೀನಿ.”

ಹೇಳಿದವರೇ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ, ಎದೆಯ ಮೇಲೆ ನೋಟ್‌ಬುಕ್ಕು ತೆರೆದರು. “ಕೂತ ಮೇಲೆ ಎಷ್ಟು ನಿಮಿಷಕ್ಕೆ ಶುರು, ಎಲ್ಲಿಂದ ಶುರು, ಎಲ್ಲಾ ಹೇಳ್ತಾ ಬನ್ನಿ. ಮುಂದಿನ ಚರ್ಚೆಯಲ್ಲಿ ಆ ಶ್ಯಾಮಳನ ಬಾಯಿ ಮುಚ್ಚಿಸ್ತೀನಿ.”

ಗೌಡರು ಮುಂದಿನ ಬಾಗಿಲು ತೆರೆದರು. ಸೀಟು ಕಂಡಿತು. ಕಲ್ಪೆಟ್ಟ ಒಂದು ಗಂಟೆಯ ದಾರಿ ಎಂಬುದು ನೆನಪಾಯಿತು. ಇನ್ನೂ ಕೂತೇ ಇರಲಿಲ್ಲ, ಸೊಂಟದಿಂದ ಬೆರಳಿನವರೆಗೆ ಚಟಪಟ ಹೊತ್ತಿಕೊಂಡಿತು. ಅಯ್ಯಯ್ಯೋ, ಆ ಶ್ಯಾಮಳ ಡಾಕ್ಟರು ಹೇಳಿದ್ದೇ ಸರಿಯಾಯ್ತಲ್ಲ!

“ಏನು ಗೌಡ್ರೆ, ಮುಖ ಹಾಗಾಯ್ತು? ಶುರುವಾಯ್ತಾ?” ಹಿಂದಿನಿಂದ ಪೆನ್ನಿನ ಮುಚ್ಚಳ ತೆಗೆದ ಸದ್ದು. “ಎಲ್ಲಿ?”

“ನರದಲ್ಲೇ ಸಾರ್,” ಎಂದರು ಗೌಡರು, ಒಳಗೆ ಕೂತು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು. “ಬೇರೆಲ್ಲೂ ಇಲ್ಲ.”